‘ಗಟ್ಟಿಗಿತ್ತಿ’ ಎಂಬ ಹೊರೆ: ಅಮೆರಿಕದ ಕಾಲೇಜುಗಳಲ್ಲಿ ಕಪ್ಪು ವಿದ್ಯಾರ್ಥಿನಿಯರ ಮಾನಸಿಕ ಆರೋಗ್ಯ

1956ರ ಫೆಬ್ರುವರಿ 3ರಂದು ಆಥರಿನ್ ಲೂಸಿ ಎಂಬ 26 ವರ್ಷದ ಯುವತಿ ಅಲಬಾಮಾ ವಿಶ್ವವಿದ್ಯಾಲಯದ ತರಗತಿಗೆ ಹೋಗಿ ಕುಳಿತರು. ಆ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳಿದ ಮೊದಲ ಕಪ್ಪು ವಿದ್ಯಾರ್ಥಿನಿ ಅವರು. ಪ್ರವೇಶಕ್ಕಾಗಿ ಮೂರು ವರ್ಷ ನ್ಯಾಯಾಲಯದಲ್ಲಿ ಹೋರಾಡಿದ್ದರೂ ಹಾಸ್ಟೆಲಿನಲ್ಲಿ ಕೋಣೆ ಸಿಕ್ಕಿರಲಿಲ್ಲ, ಊಟದ ಮನೆಗೆ ಪ್ರವೇಶವಿರಲಿಲ್ಲ. ಮೂರನೆಯ ದಿನದ ತರಗತಿಯ ಹೊತ್ತಿಗೆ ಹೊರಗೆ ಸಾವಿರಕ್ಕೂ ಹೆಚ್ಚು ಜನ ಸೇರಿ ಮೊಟ್ಟೆ, ಕಲ್ಲು ಎಸೆದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಅವರನ್ನು ಕಾರಿನಲ್ಲಿ ಸಾಗಿಸಬೇಕಾಯಿತು. ಆ ರಾತ್ರಿಯೇ ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು. ಕಾರಣವಾಗಿ ಹೇಳಿದ್ದು ಅವರದೇ ಸುರಕ್ಷತೆ. ತಿಂಗಳು ಮುಗಿಯುವುದರೊಳಗೆ ಅವರನ್ನು ಕಾಲೇಜಿನಿಂದಲೇ ಹೊರಹಾಕಲಾಯಿತು.

ಈ ಘಟನೆಯನ್ನು ಧೈರ್ಯದ ಕಥೆಯಾಗಿ ಹೇಳುವುದು ರೂಢಿ, ಮತ್ತು ಅದು ಧೈರ್ಯವೇ ಹೌದು. ಆದರೆ ಅಷ್ಟು ಧೈರ್ಯ ಖರ್ಚು ಮಾಡಿ ತರಗತಿಯಲ್ಲಿ ಕುಳಿತವಳಿಗೆ ಪಾಠ ಕೇಳಲು ಎಷ್ಟು ಮನಸ್ಸು ಉಳಿದಿರುತ್ತದೆ, ರಾತ್ರಿ ನಿದ್ದೆ ಬರುತ್ತದೆಯೇ, ಆ ಭಯ ಯಾರೊಡನೆ ಹೇಳಿಕೊಳ್ಳಬಹುದು ಎಂಬ ಪ್ರಶ್ನೆಗಳನ್ನು ಅಮೆರಿಕದ ಕಾಲೇಜುಗಳು ಗಂಭೀರವಾಗಿ ಕೇಳತೊಡಗಿದ್ದು ತೀರಾ ಈಚೆಗೆ.

ಈಗ ಅದೇ ಪ್ರಶ್ನೆಗಳು ಮತ್ತೆ ಮುನ್ನೆಲೆಗೆ ಬಂದಿವೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದುಮಾಡಿತು. ಅನಂತರ ಟೆಕ್ಸಸ್, ಅಲಬಾಮಾ ಮುಂತಾದ ರಾಜ್ಯಗಳು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅಂಚಿನ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಬೆಂಬಲವಾಗಿದ್ದ ‘ವೈವಿಧ್ಯ ಮತ್ತು ಒಳಗೊಳ್ಳುವಿಕೆ’ ಕಚೇರಿಗಳನ್ನು ಕಾನೂನಿನ ಮೂಲಕ ಮುಚ್ಚಿಸಿದವು. 2024ರಲ್ಲಿ, ಆಥರಿನ್ ಲೂಸಿ ಕಾಲಿಟ್ಟ ಅದೇ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘಕ್ಕೆ ಇದ್ದ ಕೋಣೆ ಮುಚ್ಚಿತು. ಒಂದು ಕೋಣೆ ಹೋದರೆ ಏನಾಯಿತು ಎಂದು ದೂರದಲ್ಲಿರುವ ನಮಗೆ ಅನ್ನಿಸಬಹುದು. ಏನಾಗುತ್ತದೆ ಎಂಬುದು ತಿಳಿಯಬೇಕಾದರೆ ಅಂಥ ಕೋಣೆ ಮಾಡುತ್ತಿದ್ದ ಕೆಲಸವೇನೆಂದು ತಿಳಿಯಬೇಕು. ಕನ್ನಡದ ಎಷ್ಟೋ ಮನೆಗಳ ಮಕ್ಕಳು ಇಂದು ಆ ಕ್ಯಾಂಪಸ್ಸುಗಳಲ್ಲಿ ಕೋಣೆ ಹಂಚಿಕೊಂಡಿದ್ದಾರೆ, ಪ್ರಯೋಗಾಲಯದಲ್ಲಿ ಜೊತೆಗೆ ದುಡಿಯುತ್ತಿದ್ದಾರೆ, ಪಾಠವನ್ನೂ ಮಾಡುತ್ತಿದ್ದಾರೆ. ಅವರಿಗೆ ಇದು ದೂರದ ಸುದ್ದಿಯಲ್ಲ.

ಮೊದಲು ಪದಗಳು

‘ಕಪ್ಪು’ ಎಂಬುದು ಇಲ್ಲಿ ಬರಿಯ ಮೈಬಣ್ಣದ ಹೆಸರಲ್ಲ. ಆಫ್ರಿಕಾದಿಂದ ಗುಲಾಮರನ್ನಾಗಿ ಹೊತ್ತು ತಂದವರ ವಂಶಸ್ಥರು, ಒಂದು ಚರಿತ್ರೆಯನ್ನೂ ಸಂಸ್ಕೃತಿಯನ್ನೂ ಹಂಚಿಕೊಂಡವರು, ತಮ್ಮನ್ನು ಕರೆದುಕೊಳ್ಳುವ ಹೆಸರು ಅದು. ಈಚಿನ ದಶಕಗಳಲ್ಲಿ ನೈಜೀರಿಯಾ, ಇಥಿಯೋಪಿಯಾ, ಜಮೈಕಾ, ಹೈಟಿಗಳಿಂದ ವಲಸೆ ಬಂದ ಕುಟುಂಬಗಳ ಹೆಣ್ಣುಮಕ್ಕಳೂ ಅದೇ ಹೆಸರಿನಡಿ ಬರುತ್ತಾರೆ. ಇವರ ಮನೆಮಾತು, ಧರ್ಮ, ಮನೆಯ ನಿರೀಕ್ಷೆಗಳು ಬೇರೆಬೇರೆ. ಆದರೆ ಅಂಗಡಿಯ ಕಾವಲುಗಾರ ಹಿಂಬಾಲಿಸುವಾಗ ಆ ವ್ಯತ್ಯಾಸ ಕೇಳುವುದಿಲ್ಲ.

ಮಾನಸಿಕ ಆರೋಗ್ಯ ಎಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ; ದಿನದ ಕೆಲಸ, ಓದು, ನಂಟುಗಳನ್ನು ನಡೆಸಿಕೊಂಡು ಹೋಗುವ ಮನಸ್ಸಿನ ಸ್ಥಿತಿ. ಪರೀಕ್ಷೆಯ ಹಿಂದಿನ ದಿನದ ಕಳವಳ ಕಾಯಿಲೆಯಲ್ಲ. ಕನಿಷ್ಠ ಎರಡು ವಾರ ಬಹುಪಾಲು ದಿನ ಮಂಕು ಕವಿದಿದ್ದು, ಇಷ್ಟದ ಕೆಲಸಗಳಲ್ಲಿ ಆಸಕ್ತಿ ಹೋಗಿ, ನಿದ್ದೆ, ಹಸಿವು, ಗಮನ ಏರುಪೇರಾಗಿ ದೈನಂದಿನ ಬದುಕು ಕುಂಟತೊಡಗಿದರೆ ವೈದ್ಯರು ಅದನ್ನು ಖಿನ್ನತೆ ಎಂದು ಗುರುತಿಸುತ್ತಾರೆ. ನೆರವು ನೀಡುವವರಲ್ಲಿಯೂ ಬಗೆಗಳಿವೆ: ಮಾತಿನ ಮೂಲಕ ದಾರಿ ಕಾಣಿಸುವ ಆಪ್ತಸಮಾಲೋಚಕರು, ಪರೀಕ್ಷಿಸಿ ಚಿಕಿತ್ಸೆ ನಡೆಸುವ ಮನಶ್ಶಾಸ್ತ್ರಜ್ಞರು, ಔಷಧಿ ಬರೆಯಬಲ್ಲ ಮನೋವೈದ್ಯರು. ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಸಮಾಲೋಚನಾ ಕೇಂದ್ರವೊಂದಿದ್ದು, ಅದರ ಶುಲ್ಕ ಸಾಮಾನ್ಯವಾಗಿ ಕಾಲೇಜು ಶುಲ್ಕದಲ್ಲೇ ಸೇರಿರುತ್ತದೆ.

ಎರಡು ರಸ್ತೆಗಳು ಕೂಡುವ ಜಾಗ

ಕಪ್ಪು ವಿದ್ಯಾರ್ಥಿಗಳಿಗೆಲ್ಲ ಇರುವ ಕಷ್ಟ ಮತ್ತು ಹೆಣ್ಣುಮಕ್ಕಳಿಗೆಲ್ಲ ಇರುವ ಕಷ್ಟ, ಇವೆರಡನ್ನು ಕೂಡಿಸಿದರೆ ಕಪ್ಪು ವಿದ್ಯಾರ್ಥಿನಿಯ ಕಷ್ಟ ಸಿಕ್ಕೀತೇ? ಸಿಗುವುದಿಲ್ಲ ಎಂದು 1989ರಲ್ಲಿ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ ವಾದಿಸಿದರು. ಅವರು ಆಧಾರವಾಗಿ ತೆಗೆದುಕೊಂಡ ಪ್ರಕರಣಗಳಲ್ಲಿ ಒಂದು ಜನರಲ್ ಮೋಟರ್ಸ್ ಕಂಪನಿಯದು. 1964ಕ್ಕೆ ಮುಂಚೆ ಆ ಕಂಪನಿ ಕಪ್ಪು ಮಹಿಳೆಯರಿಗೆ ಕೆಲಸವನ್ನೇ ಕೊಟ್ಟಿರಲಿಲ್ಲ. ಹಾಗಾಗಿ ಸೇವಾ ಹಿರಿತನ ನೋಡಿ ನೌಕರರನ್ನು ಕಡಿತಗೊಳಿಸಿದಾಗ ತಡವಾಗಿ ಸೇರಿದ್ದ ಅವರೇ ಮೊದಲು ಕೆಲಸ ಕಳೆದುಕೊಂಡರು. ಐವರು ಮಹಿಳೆಯರು ನ್ಯಾಯಾಲಯಕ್ಕೆ ಹೋದರು. ಕಂಪನಿ ಹೆಂಗಸರಿಗೆ ಕೆಲಸ ಕೊಟ್ಟಿದೆ ಎಂದು 1976ರಲ್ಲಿ ನ್ಯಾಯಾಲಯ ಹೇಳಿತು. ಆ ಹೆಂಗಸರು ಬಿಳಿಯರಾಗಿದ್ದರು. ಜನಾಂಗ ತಾರತಮ್ಯದ ದೂರಿದ್ದರೆ ಅದನ್ನು ಬೇರೆಯಾಗಿ ನೋಡಬಹುದು, ಎರಡನ್ನೂ ಬೆರೆಸಿ ಹೊಸ ಬಗೆಯ ಹಕ್ಕನ್ನು ಕೇಳುವಂತಿಲ್ಲ ಎಂದಿತು. ಎರಡೂ ಬಾಗಿಲುಗಳ ನಡುವೆ ಆ ಐವರು ನಿಂತೇ ಉಳಿದರು.

ಕ್ರೆನ್‌ಶಾ ಕೊಟ್ಟ ಹೋಲಿಕೆ ನಾಲ್ಕು ರಸ್ತೆ ಕೂಡುವ ವೃತ್ತದ್ದು. ವೃತ್ತದ ನಡುವೆ ನಿಂತವಳಿಗೆ ವಾಹನ ಈ ಕಡೆಯಿಂದಲೂ ಗುದ್ದಬಹುದು, ಆ ಕಡೆಯಿಂದಲೂ ಗುದ್ದಬಹುದು, ಎರಡೂ ಕಡೆಯಿಂದ ಒಟ್ಟಿಗೂ ಗುದ್ದಬಹುದು. ಇದಕ್ಕೆ ಅವರಿಟ್ಟ ಹೆಸರು ‘ಇಂಟರ್‌ಸೆಕ್ಷನಾಲಿಟಿ’. ದಲಿತ ಮಹಿಳೆಯರ ಅನುಭವ ದಲಿತ ಪುರುಷರ ಅನುಭವದಲ್ಲೂ ಮೇಲ್ಜಾತಿಯ ಮಹಿಳೆಯರ ಅನುಭವದಲ್ಲೂ ಪೂರ್ತಿ ಅಡಕವಾಗುವುದಿಲ್ಲ ಎಂಬುದನ್ನು ಬಲ್ಲ ಕನ್ನಡದ ಓದುಗರಿಗೆ ಈ ಮಾತು ಹೊಸದೆನಿಸಲಾರದು. ಕಾಲೇಜಿನಲ್ಲಿ ಇದರ ಪರಿಣಾಮ ನೇರವಾದದ್ದು. ಮಹಿಳೆಯರಿಗಾಗಿ ಕಟ್ಟಿದ ಸೇವೆ ಬಿಳಿಯ ವಿದ್ಯಾರ್ಥಿನಿಯನ್ನೂ, ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಸೇವೆ ಹುಡುಗರನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದರೆ, ಇವಳು ಎರಡು ಕಡೆಯೂ ಅತಿಥಿಯಾಗಿಯೇ ಇರುತ್ತಾಳೆ.

ಚಪ್ಪಲಿಯೊಳಗಿನ ಹರಳು

1956ರ ಗುಂಪು ಈಗ ಹೊರಗೆ ನಿಂತಿಲ್ಲ. ಇಂದಿನ ನೋವು ಬಹುಮಟ್ಟಿಗೆ ಚಿಕ್ಕಚಿಕ್ಕ ಸಂಗತಿಗಳಲ್ಲಿ ಬರುತ್ತದೆ. “ಎಷ್ಟು ಚೆನ್ನಾಗಿ ಮಾತಾಡುತ್ತೀಯ” ಎಂಬ ಅಚ್ಚರಿ ಬೆರೆತ ಮೆಚ್ಚುಗೆ, ಗ್ರಂಥಾಲಯದಲ್ಲಿ ಇವಳೊಬ್ಬಳ ಗುರುತಿನ ಚೀಟಿ ಕೇಳುವ ಸಿಬ್ಬಂದಿ, ಗುಂಪಿನ ಕೆಲಸ ಹಂಚುವಾಗ ಇವಳಿಗೆ ಸುಲಭದ ಭಾಗ ಬಿಡುವ ಸಹಪಾಠಿಗಳು, ಗುಲಾಮಗಿರಿಯ ಪಾಠ ಬಂದಾಗ ಇಡೀ ತರಗತಿ ತಿರುಗಿ ಇವಳತ್ತ ನೋಡುವುದು. ಹಾರ್ವರ್ಡಿನ ಮನೋವೈದ್ಯ ಚೆಸ್ಟರ್ ಪಿಯರ್ಸ್ 1970ರಲ್ಲಿ ಇಂಥವಕ್ಕೆ ‘ಮೈಕ್ರೋಅಗ್ರೆಷನ್’ ಎಂಬ ಹೆಸರು ಕೊಟ್ಟರು. ಹೆಸರಿನ ಮೊದಲ ಭಾಗದ ‘ಸೂಕ್ಷ್ಮ’ ಎಂಬ ಅರ್ಥ ನೋವಿನ ಅಳತೆಯಲ್ಲ, ಘಟನೆಯ ಅಳತೆ. ಚಪ್ಪಲಿಯೊಳಗೆ ಹೊಕ್ಕ ಹರಳು ಎಷ್ಟು ಚಿಕ್ಕದೆಂದು ನೋಡುವವರು ಹೇಳಬಹುದು. ಅದನ್ನಿಟ್ಟುಕೊಂಡು ನಾಲ್ಕು ವರ್ಷ ನಡೆಯುವವಳ ಅನುಭವ ಬೇರೆ.

ಇದರಲ್ಲಿ ಹೆಚ್ಚು ದಣಿಸುವುದು ಅನುಮಾನ. ಅವನು ಹಾಗೆ ಹೇಳಿದ್ದು ನಾನು ಕಪ್ಪಗಿರುವುದಕ್ಕೋ, ಹೆಣ್ಣಾಗಿರುವುದಕ್ಕೋ, ಅಥವಾ ಅವನ ಸ್ವಭಾವವೇ ಹಾಗೋ? ತಿರುಗಿ ಮಾತಾಡಿದರೆ ‘ಸಿಡುಕಿನ ಕಪ್ಪು ಹೆಂಗಸು’ ಎಂಬ ಹಳೆಯ ಹಣೆಪಟ್ಟಿ ಕಾದಿರುತ್ತದೆ. ಸುಮ್ಮನಿದ್ದರೆ ಮಾತು ಒಳಗೇ ಕೊಳೆಯುತ್ತದೆ. ಪಾಠಕ್ಕೆ ಮೀಸಲಾಗಬೇಕಾದ ಗಮನದ ಒಂದು ಪಾಲು ದಿನವೂ ಈ ಲೆಕ್ಕಾಚಾರಕ್ಕೆ ಹೋಗುತ್ತದೆ.

1995ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಪ್ರಯೋಗದಲ್ಲಿ ತೋರಿಸಿದರು. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಒಂದು ಕಠಿಣ ಭಾಷಾ ಪರೀಕ್ಷೆ ಕೊಟ್ಟು, ಇದು ನಿಮ್ಮ ಬುದ್ಧಿಶಕ್ತಿಯನ್ನು ಅಳೆಯುತ್ತದೆ ಎಂದಾಗ ಕಪ್ಪು ವಿದ್ಯಾರ್ಥಿಗಳು ತಮ್ಮ ಹಿಂದಿನ ಅಂಕಗಳಿಂದ ನಿರೀಕ್ಷಿಸಬಹುದಾದ್ದಕ್ಕಿಂತ ಕಡಿಮೆ ಅಂಕ ಪಡೆದರು. ಇದು ಸಮಸ್ಯೆ ಬಿಡಿಸುವ ಅಭ್ಯಾಸ ಮಾತ್ರ ಎಂದಾಗ ಆ ಅಂತರ ಬಹಳ ಇಳಿಯಿತು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಚರ್ಚೆಯಿದೆ. ನಾನು ಸೋತರೆ ನನ್ನವರೆಲ್ಲ ಸೋತಂತೆ ಎಂಬ ಭಯ ಹೊತ್ತು ಪರೀಕ್ಷೆಗೆ ಕೂರುವುದು ಹೇಗಿರುತ್ತದೆ ಎಂಬುದನ್ನಂತೂ ಆ ಪ್ರಯೋಗ ಕಣ್ಣಿಗೆ ಕಾಣುವಂತೆ ಮಾಡಿತು.

ದೇಹವೂ ಇದರ ಲೆಕ್ಕ ಇಡುತ್ತದೆ. ಅಪಾಯ ಕಂಡಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್‌ಗಳನ್ನು ಹರಿಸಿ ಓಡಲು ಇಲ್ಲವೇ ಎದುರಿಸಲು ಸಿದ್ಧವಾಗುತ್ತದೆ. ಅಪಾಯ ಕಳೆದ ಮೇಲೆ ಮೊದಲಿನ ಸ್ಥಿತಿಗೆ ಬರಬೇಕು. ಅದು ಬರದೇ ಉಳಿದರೆ ರಕ್ತದೊತ್ತಡ, ನಿದ್ದೆ, ರೋಗನಿರೋಧಕ ಶಕ್ತಿ ಎಲ್ಲಕ್ಕೂ ಪೆಟ್ಟು. ಸಾರ್ವಜನಿಕ ಆರೋಗ್ಯ ಸಂಶೋಧಕಿ ಆರ್ಲೀನ್ ಜೆರೊನಿಮಸ್ 1992ರಲ್ಲಿ ಇದನ್ನು ‘ವೆದರಿಂಗ್’, ಅಂದರೆ ಸವೆತ, ಎಂದು ಕರೆದರು. ಹಳೆಯ ಬಾವಿಯ ಕಟ್ಟೆಯ ಕಲ್ಲಿನ ಮೇಲೆ ಹಗ್ಗ ಕೊರೆದ ಗುರುತು ನೋಡಿದವರಿಗೆ ಈ ಪದ ವಿವರಿಸಬೇಕಾಗಿಲ್ಲ. ಯಾವ ಒಂದು ಕೊಡ ಆ ಗುರುತು ಮಾಡಿತೆಂದು ಹೇಳಲಾಗದು.

ಕೂದಲಿನ ವಿಷಯ

ಹೊರಗಿನವರಿಗೆ ಕ್ಷುಲ್ಲಕವಾಗಿ ಕಾಣುವ ಕೂದಲಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅಗತ್ಯ. ಬಿಗಿಯಾಗಿ ಸುರುಳಿ ಸುತ್ತಿದ ಕೂದಲಿಗೆ ಆರೈಕೆಯೇ ಒಂದು ದಿನಚರಿ. ತೊಳೆದು, ಸಿಕ್ಕು ಬಿಡಿಸಿ, ಎಣ್ಣೆ ಅಥವಾ ಕ್ರೀಮು ಹಚ್ಚಿ, ಭಾಗ ಮಾಡಿ ಹೆಣೆಯುವ ‘ವಾಷ್ ಡೇ’ಗೆ ಅರ್ಧ ದಿನ ಹಿಡಿಯುತ್ತದೆ; ಸಣ್ಣ ಜಡೆಗಳನ್ನು ಹೆಣೆಸಿಕೊಳ್ಳಲು ಐದಾರು ಗಂಟೆ ಕುಳಿತಿರಬೇಕಾಗಬಹುದು. ರಾತ್ರಿ ಕೂದಲು ಒಣಗಿ ತುಂಡಾಗದಂತೆ ಸ್ಯಾಟಿನ್ ಟೋಪಿ ಹಾಕಿಕೊಂಡು ಮಲಗುತ್ತಾರೆ. ಬಿಳಿಯರೇ ಹೆಚ್ಚಿರುವ ಸಣ್ಣ ಕಾಲೇಜು ಪಟ್ಟಣಗಳಲ್ಲಿ ಈ ಕೂದಲನ್ನು ಬಲ್ಲ ಸಲೂನು ಸಿಗುವುದೇ ಕಷ್ಟ. ಕೇಳದೆಯೇ ಕೈಹಾಕಿ ಮುಟ್ಟಿನೋಡುವವರಿಗೇನೂ ಕಡಿಮೆಯಿಲ್ಲ. ಸಹಜ ಕೂದಲಿನ ಕಾರಣಕ್ಕೆ ಶಾಲೆ, ಕೆಲಸಗಳಲ್ಲಿ ತಾರತಮ್ಯ ಮಾಡಬಾರದೆಂಬ ‘ಕ್ರೌನ್ ಕಾಯ್ದೆ’ಯನ್ನು ಮೊದಲು ತಂದ ರಾಜ್ಯ ಕ್ಯಾಲಿಫೋರ್ನಿಯಾ, ಅದೂ 2019ರಲ್ಲಿ.

ಮನಸ್ಸಿಗೂ ಇದಕ್ಕೂ ಏನು ನಂಟು? ಖಿನ್ನತೆಯಲ್ಲಿ ಮೊದಲು ಕೈಬಿಡುವುದು ಸ್ವಂತದ ಆರೈಕೆ. ತಿಂಗಳುಗಟ್ಟಲೆ ವಾಷ್ ಡೇ ತಪ್ಪಿ, ಸದಾ ಟೋಪಿಯಲ್ಲಿಯೇ ಓಡಾಡತೊಡಗಿದ ಗೆಳತಿಯನ್ನು ನೋಡಿ, ಆ ಕೂದಲನ್ನು ಬಲ್ಲವಳು ಬೇಗ ಎಚ್ಚರಗೊಳ್ಳುತ್ತಾಳೆ. ಅರಿಯದವರಿಗೆ ಅದು ಕಾಣುವುದೇ ಇಲ್ಲ. ಜಡೆ ಹೆಣೆಯುವ ಆ ಐದಾರು ಗಂಟೆಗಳಲ್ಲಿ, ಮುಖ ಮುಖಕ್ಕೆ ಎದುರಾಗದೆ, ತಲೆ ಒಬ್ಬರ ಕೈಯಲ್ಲಿಟ್ಟು ಆಡುವ ಮಾತಿನಲ್ಲಿ ಎಷ್ಟೋ ಗುಟ್ಟು ಹೊರಬೀಳುತ್ತದೆ. ಇದನ್ನು ಕಂಡುಕೊಂಡ ಮನಶ್ಶಾಸ್ತ್ರಜ್ಞೆ ಅಫಿಯಾ ಎಂಬಿಲಿಶಾಕಾ ಕೇಶಾಲಂಕಾರ ಮಾಡುವವರಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಡುವ ‘ಸೈಕೋಹೇರಪಿ’ ಎಂಬ ಪದ್ಧತಿಯನ್ನು ರೂಪಿಸಿದ್ದಾರೆ. ನೆತ್ತಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಅಜ್ಜಿಯೊಡನೆ ಮನಸ್ಸು ಬಿಚ್ಚಿದ ನಮ್ಮವರಿಗೆ ಇದರ ತರ್ಕ ತಟ್ಟನೆ ಹೊಳೆದೀತು.

ಗಟ್ಟಿಗಿತ್ತಿಯ ಕಟ್ಟುಪಾಡು

ಇಷ್ಟೆಲ್ಲ ಇದ್ದರೂ ಕಪ್ಪು ವಿದ್ಯಾರ್ಥಿನಿಯನ್ನು ಹೊರಗಿನಿಂದ ನೋಡಿದವರಿಗೆ ಅವಳು ಎಲ್ಲವನ್ನೂ ನಿಭಾಯಿಸುತ್ತಿರುವಂತೆ ಕಾಣುವುದುಂಟು. ತರಗತಿ, ಎರಡು ಅರೆಕಾಲಿಕ ಕೆಲಸ, ಸಂಘದ ಕಾರ್ಯದರ್ಶಿ ಸ್ಥಾನ, ಮನೆಗೆ ಕಳಿಸುವ ದುಡ್ಡು. ಅಮೆರಿಕದಲ್ಲಿ ಇಂಥವಳನ್ನು ‘ಸ್ಟ್ರಾಂಗ್ ಬ್ಲ್ಯಾಕ್ ವುಮನ್’ ಎನ್ನುತ್ತಾರೆ. ನಮ್ಮ ‘ಗಟ್ಟಿಗಿತ್ತಿ’ಗೆ ಬಹಳ ಹತ್ತಿರದ ಮಾತು, ಮತ್ತು ನಮ್ಮಲ್ಲಿಯ ಹಾಗೆಯೇ ಅದನ್ನು ಹೊಗಳಿಕೆಯಾಗಿಯೇ ಆಡುತ್ತಾರೆ.

ನರ್ಸಿಂಗ್ ಮತ್ತು ಮನಶ್ಶಾಸ್ತ್ರ ಎರಡರಲ್ಲೂ ಪಳಗಿದ ಸಂಶೋಧಕಿ ಶೆರಿಲ್ ವುಡ್ಸ್-ಜಿಸ್ಕೊಂಬೆ ಕಪ್ಪು ಮಹಿಳೆಯರ ಗುಂಪುಗಳನ್ನು ಕೂರಿಸಿ ಮಾತಾಡಿಸಿ, 2010ರಲ್ಲಿ ಇದನ್ನು ‘ಸೂಪರ್‌ವುಮನ್ ಸ್ಕೀಮಾ’ ಎಂದು ವಿವರಿಸಿದರು. ಆ ಮಹಿಳೆಯರ ಮಾತಿನಲ್ಲಿ ಐದು ಎಳೆಗಳು ಮರಳಿ ಮರಳಿ ಬಂದವು: ಸದಾ ಗಟ್ಟಿಯಾಗಿ ಕಾಣಲೇಬೇಕು; ಭಾವನೆಯನ್ನು ನುಂಗಿಕೊಳ್ಳಬೇಕು; ಯಾರ ಮೇಲೂ ಆತುಕೊಳ್ಳಬಾರದು; ಕೈಯಲ್ಲಿ ಏನಿಲ್ಲದಿದ್ದರೂ ಗೆದ್ದೇ ತೀರಬೇಕು; ತನಗಿಂತ ಮುಂಚೆ ಬೇರೆಯವರನ್ನು ನೋಡಿಕೊಳ್ಳಬೇಕು. ಇದರಿಂದ ಕುಟುಂಬ, ಸಮುದಾಯ ಉಳಿದುಕೊಂಡವು ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಅದೇ ಉಸಿರಿನಲ್ಲಿ ನಿದ್ದೆಗೆಟ್ಟದ್ದು, ಸಿಕ್ಕಾಪಟ್ಟೆ ತಿಂದದ್ದು, ಸಂಬಂಧಗಳು ಮುರಿದದ್ದನ್ನೂ ಹೇಳಿದರು.

ಈ ಗಟ್ಟಿತನಕ್ಕೆ ಬೇರೊಂದು ಕಾಲದ ಬೇರು ಇದೆ. ಗುಲಾಮಗಿರಿಯ ದಿನಗಳಲ್ಲಿ ಕಪ್ಪು ಹೆಂಗಸು ಹೊಲದಲ್ಲಿ ಗಂಡಸಿನ ಸಮಕ್ಕೆ ದುಡಿಯಬೇಕಿತ್ತು, ಹೆತ್ತ ಮಗುವನ್ನು ಮಾರಿದರೂ ಮರುದಿನ ಕೆಲಸಕ್ಕೆ ಏಳಬೇಕಿತ್ತು. ಇವರಿಗೆ ನೋವು ಅಷ್ಟು ತಟ್ಟುವುದಿಲ್ಲ ಎಂದು ನಂಬುವುದು ದುಡಿಸಿಕೊಳ್ಳುವವರಿಗೆ ಅನುಕೂಲವಾಗಿತ್ತು. ಬದುಕಿ ಉಳಿಯಲು ತೊಟ್ಟ ಕವಚ ತಲೆಮಾರುಗಳ ಮೇಲೆ ಗುಣವಾಗಿ ಬೆಳೆಯಿತು. ಹದಿನೆಂಟರ ಹುಡುಗಿ ಹಾಸ್ಟೆಲಿನ ಕೋಣೆಯಲ್ಲಿ ಅಳು ಬಂದಾಗ ನಲ್ಲಿ ಬಿಟ್ಟುಕೊಂಡು ಅಳುವುದರಲ್ಲಿ ಆ ಕವಚ ಇಂದಿಗೂ ಇದೆ.

ಬೇರೆ ವೇಷದ ಖಿನ್ನತೆ

ಖಿನ್ನತೆ ಎಂದೊಡನೆ ಹಾಸಿಗೆ ಬಿಟ್ಟೇಳದೆ ಅಳುತ್ತಿರುವವರ ಚಿತ್ರ ಕಣ್ಣಮುಂದೆ ಬರುತ್ತದೆ. ಕಪ್ಪು ಮಹಿಳೆಯರಲ್ಲಿ ಅದು ಹಲವು ಬಾರಿ ನಿದ್ದೆಗೇಡಿತನ, ಸಿಡುಕು, ತನ್ನನ್ನೇ ಹಳಿದುಕೊಳ್ಳುವುದು, ತಲೆನೋವು, ಮೈಕೈ ನೋವುಗಳಾಗಿ ತೋರುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ಅಂಕ ಇಳಿಯದಿರಬಹುದು, ಏರಲೂಬಹುದು, ಏಕೆಂದರೆ ನಿಂತರೆ ಕುಸಿಯುತ್ತೇನೆಂಬ ಭಯಕ್ಕೆ ಅವಳು ಮತ್ತಷ್ಟು ಕೆಲಸ ಹೇರಿಕೊಳ್ಳುತ್ತಾಳೆ. ಸಿಡುಕನ್ನು ಕಂಡವರು ಸ್ವಭಾವ ಎಂದುಕೊಳ್ಳುತ್ತಾರೆ, ಏರಿದ ಅಂಕ ಕಂಡವರು ಚೆನ್ನಾಗಿದ್ದಾಳೆ ಎಂದುಕೊಳ್ಳುತ್ತಾರೆ. ಕಾಯಿಲೆ ಎರಡರ ಹಿಂದೆಯೂ ಅವಿತಿರುತ್ತದೆ.

ಬಾಗಿಲವರೆಗೆ ಹೋಗಿ ಹಿಂದಿರುಗುವುದೇಕೆ

ಸಮಾಲೋಚನಾ ಕೇಂದ್ರ ಕ್ಯಾಂಪಸ್ಸಿನಲ್ಲೇ ಇದೆ, ಹೋಗಬಾರದೇ ಎಂಬುದು ಸಹಜವಾದ ಪ್ರಶ್ನೆ. ಉತ್ತರದ ಒಂದು ಭಾಗ ಇತಿಹಾಸದಲ್ಲಿದೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ತಪ್ಪಿಸಿಕೊಂಡು ಓಡಿಹೋಗುವುದು ಒಂದು ಮನೋರೋಗವೆಂದು ಬರೆದು ಅದಕ್ಕೆ ‘ಡ್ರೆಪಟೊಮೇನಿಯಾ’ ಎಂಬ ಹೆಸರನ್ನೂ ಕೊಟ್ಟಿದ್ದ. 1840ರ ದಶಕದಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯ, ಗುಲಾಮ ಸ್ತ್ರೀಯರ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಸಿದ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಮಾತ್ರ ಇಂದು ಉಳಿದಿದೆ. ಅಲಬಾಮಾದ್ದೇ ಟಸ್ಕೀಗಿ ಎಂಬ ಊರಿನಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ ನೂರಾರು ಕಪ್ಪು ಪುರುಷರ ಸಿಫಿಲಿಸ್ ರೋಗವನ್ನು ಗುಣಪಡಿಸದೆ ನೋಡುತ್ತಾ ಕುಳಿತರು. ಇವು ಪುಸ್ತಕದ ಸಂಗತಿಗಳಲ್ಲ, ಅಡುಗೆಮನೆಯಲ್ಲಿ ಹೇಳಿಕೊಂಡು ಬಂದ ಎಚ್ಚರಿಕೆಗಳು. ಮೊಮ್ಮಗಳನ್ನು ಕಾಲೇಜಿಗೆ ಕಳಿಸುವ ಅಜ್ಜಿ, ಮನೆಯ ಮಾತು ಹೊರಗೆ ಹಾಕಬೇಡ ಎಂದಾಗ ಅದರ ಹಿಂದೆ ಇಷ್ಟು ಕಾರಣವಿರುತ್ತದೆ. ಚರ್ಚು ಈ ಸಮುದಾಯದ ಬೆನ್ನೆಲುಬು. ಅಲ್ಲಿ ಸಿಗುವ ಬಲ ನಿಜವಾದದ್ದು. ಪ್ರಾರ್ಥಿಸು, ಸರಿಹೋಗುತ್ತದೆ ಎಂಬ ಸಾಂತ್ವನ ಕೆಲವೊಮ್ಮೆ ವೈದ್ಯರ ಬಳಿ ಹೋಗುವುದನ್ನು ತಡಮಾಡಿಸುತ್ತದೆ ಎಂಬುದೂ ನಿಜ.

ಇನ್ನೊಂದು ಭಾಗ ವ್ಯವಸ್ಥೆಯದು. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನರು ಸುಮಾರು ಶೇ 14. ಮನಶ್ಶಾಸ್ತ್ರಜ್ಞರಲ್ಲಿ ಅವರ ಪಾಲು ಸುಮಾರು ಶೇ 5. ಹಾಗಾಗಿ ಬಾಗಿಲು ತೆರೆದಾಗ ಎದುರು ಕೂರುವವರು ಹೆಚ್ಚಾಗಿ ಬಿಳಿಯರೇ. ಬಿಳಿಯ ಚಿಕಿತ್ಸಕರು ಒಳ್ಳೆಯ ಚಿಕಿತ್ಸೆ ಕೊಡಲಾರರು ಎಂದಲ್ಲ. ಮೊದಲ ಮೂರು ಭೇಟಿಗಳು ತನ್ನ ಬದುಕನ್ನು ಅವರಿಗೆ ವಿವರಿಸುವುದರಲ್ಲೇ ಕಳೆಯುತ್ತವೆ ಎಂಬುದು ವಿದ್ಯಾರ್ಥಿನಿಯರ ದೂರು. ಅನೇಕ ಕೇಂದ್ರಗಳು ಭೇಟಿಗಳ ಸಂಖ್ಯೆಗೆ ಮಿತಿ ಹಾಕಿರುವುದರಿಂದ ಆ ಮೂರು ಭೇಟಿಗಳು ದುಬಾರಿ.

ಹೊರಗೆ ಹೋಗೋಣವೆಂದರೆ ದುಡ್ಡು ಬೇಕು. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ನಡೆಸಿದ ಸಮೀಕ್ಷೆಯ ಪ್ರಕಾರ ನಡುಮಟ್ಟದ ಬಿಳಿಯ ಕುಟುಂಬವೊಂದರ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 45,000 ಡಾಲರ್. ಆಸ್ತಿಯ ಬೆಂಬಲವಿಲ್ಲದೆ ಓದುವವರು ಹೆಚ್ಚು ಸಾಲ ಮಾಡುತ್ತಾರೆ. ಆ ಸಾಲದ ಚಿಂತೆಯೂ ಮನಸ್ಸಿನ ಭಾರವೇ. 2010ರ ಆರೋಗ್ಯ ಕಾಯ್ದೆಯಿಂದಾಗಿ 26 ವರ್ಷದವರೆಗೆ ತಂದೆತಾಯಿಯ ವಿಮೆಯಲ್ಲಿ ಉಳಿಯಬಹುದು, ಆದರೆ ಚಿಕಿತ್ಸೆಯ ವಿವರವಿರುವ ಕಾಗದ ಮನೆಗೆ ಹೋದೀತೆಂಬ ಅಂಜಿಕೆ ಇರುತ್ತದೆ. ಇದಕ್ಕಿಂತ ಕಡಿಮೆ ಗೊತ್ತಿರುವ ತೊಡಕೆಂದರೆ ಪರವಾನಗಿ. ಚಿಕಿತ್ಸಕರಿಗೆ ಪರವಾನಗಿ ಕೊಡುವುದು ಆಯಾ ರಾಜ್ಯ. ಓಹಿಯೋದಲ್ಲಿ ಓದುವ ವಿದ್ಯಾರ್ಥಿನಿ ರಜೆಗೆ ಬೇರೆ ರಾಜ್ಯದ ತನ್ನ ಮನೆಗೆ ಹೋದರೆ, ಅಲ್ಲಿಯ ಪರವಾನಗಿ ಇಲ್ಲದ ಆಕೆಯ ಚಿಕಿತ್ಸಕರು ಫೋನಿನಲ್ಲಿಯೂ ಚಿಕಿತ್ಸೆ ಮುಂದುವರಿಸಲು ಸಾಮಾನ್ಯವಾಗಿ ಸಾಧ್ಯವಾಗದು. ಮನಶ್ಶಾಸ್ತ್ರಜ್ಞರ ಮಟ್ಟಿಗೆ ರಾಜ್ಯಗಳ ನಡುವೆ ಒಪ್ಪಂದವೊಂದು ಬೆಳೆಯುತ್ತಿದೆ. ಬೇರೆಯವರ ಮಟ್ಟಿಗೆ ಬೇಸಿಗೆ ಮೂರು ತಿಂಗಳು ಹಲವು ಬಾರಿ ಖಾಲಿಯೇ ಉಳಿಯುತ್ತದೆ.

ಕೊನೆಯದು ಪೊಲೀಸರ ಭಯ. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆ ಎಂದು ಬಾಯಿಬಿಟ್ಟರೆ ಕ್ಯಾಂಪಸ್ ಪೊಲೀಸರು ಕೋಣೆಗೆ ಬಂದಾರು ಎಂಬ ಆತಂಕ ಕಪ್ಪು ಕುಟುಂಬಗಳಿಗೆ ಸುಮ್ಮನೆ ಹುಟ್ಟಿದ್ದಲ್ಲ.

ಕಪ್ಪು ಕಾಲೇಜುಗಳಲ್ಲಿ

ಬಿಳಿಯರ ಕಾಲೇಜುಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಜನರಿಗಾಗಿಯೇ ಹುಟ್ಟಿದ ಸುಮಾರು ನೂರು ಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ವಾಷಿಂಗ್ಟನ್ನಿನ ಹವರ್ಡ್ ವಿಶ್ವವಿದ್ಯಾಲಯ 1867ರದು. ಅಟ್ಲಾಂಟಾದ ಸ್ಪೆಲ್ಮನ್ 1881ರಿಂದ ಹೆಣ್ಣುಮಕ್ಕಳಿಗಾಗಿಯೇ ಇದೆ. ಉತ್ತರ ಕೆರೊಲೈನಾದ ಬೆನೆಟ್ ಕೂಡ ಮಹಿಳಾ ಕಾಲೇಜು. ಇಲ್ಲಿ ತರಗತಿಯಲ್ಲಿ ತಾನೊಬ್ಬಳೇ ಎಂಬ ಸ್ಥಿತಿ ಇಲ್ಲ. ಪ್ರಾಧ್ಯಾಪಕಿಯೂ ತನ್ನಂತೆಯೇ ಕಾಣುತ್ತಾಳೆ, ಕೂದಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಹರಳು ಚಪ್ಪಲಿಯಿಂದ ಹೊರಬಿದ್ದ ಹಾಗೆ ಎಂದು ಹೇಳಬಹುದಾದರೂ ಪೂರ್ತಿ ಪರಿಹಾರ ಅಲ್ಲಿಯೂ ಇಲ್ಲ. ಈ ಸಂಸ್ಥೆಗಳ ನಿಧಿ ಚಿಕ್ಕದು, ಸಮಾಲೋಚಕರ ಸಂಖ್ಯೆ ಸಾಲದು, ಮತ್ತು ಗಟ್ಟಿಗಿತ್ತಿಯ ಕಟ್ಟುಪಾಡು ಇಲ್ಲಿ ಇನ್ನೂ ಬಿಗಿಯಾಗಿರಬಹುದು.

ಯಾವ ನೆರವು ತಲುಪುತ್ತದೆ

ಹೆಚ್ಚು ಜನಕ್ಕೆ ತಲುಪಿದ್ದು ಗುಂಪು. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಏಂಜೆಲಾ ನೀಲ್-ಬಾರ್ನೆಟ್, ಕಪ್ಪು ಮಹಿಳೆಯರ ಆತಂಕಕ್ಕೆ ‘ಸಿಸ್ಟರ್ ಸರ್ಕಲ್’ ಎಂಬ ಸಣ್ಣ ವರ್ತುಲಗಳನ್ನು ಬಳಸಿ ಕೆಲಸ ಮಾಡಿದ್ದಾರೆ. ಈ ಸಮುದಾಯದಲ್ಲಿ ಹೆಂಗಸರ ಕೂಟಗಳು ಶತಮಾನಕ್ಕೂ ಹಳೆಯವು. ಹವರ್ಡಿನಲ್ಲಿ 1908ರಲ್ಲಿಯೇ ಆಲ್ಫಾ ಕಪ್ಪಾ ಆಲ್ಫಾ ಎಂಬ ಸೋದರಿ ಸಂಘ ಹುಟ್ಟಿತ್ತು. ಗೊತ್ತಿರುವ ಆ ರೂಪದೊಳಗೆ ಚಿಕಿತ್ಸೆಯ ತಿಳಿವಳಿಕೆ ಸೇರಿಸಿದಾಗ, ಆಸ್ಪತ್ರೆಗೆ ಹೋದಂತೆ ಅನ್ನಿಸದೆ ನೆರವು ಸಿಗುತ್ತದೆ. ಉಸಿರಾಟದ ಅಭ್ಯಾಸ, ಆತಂಕದ ಆಲೋಚನೆಯನ್ನು ಹಿಡಿದು ಪರಿಶೀಲಿಸುವ ಬಗೆ, ಎಲ್ಲವನ್ನೂ ಇಲ್ಲಿ ಕಲಿಸಬಹುದು. ಲೇಖನದ ಆರಂಭದಲ್ಲಿ ಹೇಳಿದ ಸಂಘದ ಕೋಣೆಯಂಥವು ಇಂಥ ಕೂಟಗಳು ಯಾರೂ ಕರೆಯದೆಯೇ ಸೇರುವ ಜಾಗ. ಅಲ್ಲಿ ಸೋಫಾದ ಮೇಲೆ ಒರಗಿ, ಏನನ್ನೂ ವಿವರಿಸದೆ, ಅರ್ಧ ಗಂಟೆ ಸುಮ್ಮನಿರಬಹುದು. ದಿನವಿಡೀ ಎಚ್ಚರದಿಂದಿರುವ ದೇಹಕ್ಕೆ ಆ ಅರ್ಧ ಗಂಟೆ ಔಷಧಿಯಷ್ಟೇ ಮುಖ್ಯ.

ಇನ್ನೊಂದು, ಮಾತಿನ ಚಿಕಿತ್ಸೆಯೊಳಗಿನ ಒಂದು ನಾಜೂಕು. ಅರಿವಿನ ವರ್ತನಾ ಚಿಕಿತ್ಸೆಯಲ್ಲಿ, ಮನಸ್ಸಿಗೆ ಬಂದ ಆಲೋಚನೆ ಎಷ್ಟು ಸರಿ ಎಂದು ಪರೀಕ್ಷಿಸಲು ಕಲಿಸುತ್ತಾರೆ. “ನಾನು ಈ ಕಾಲೇಜಿಗೆ ಲಾಯಕ್ಕಲ್ಲ” ಎಂಬ ಆಲೋಚನೆಯನ್ನು ಹೀಗೆ ಪರೀಕ್ಷಿಸುವುದು ಒಳ್ಳೆಯದು. “ಕಾವಲುಗಾರ ನನ್ನೊಬ್ಬಳನ್ನೇ ತಡೆದ” ಎಂಬುದನ್ನೂ ಅದೇ ತಕ್ಕಡಿಗೆ ಹಾಕಿ, ನಿನಗೆ ಹಾಗೆ ಅನ್ನಿಸಿರಬಹುದಲ್ಲವೇ ಎಂದು ಚಿಕಿತ್ಸಕರು ಕೇಳಿದರೆ ಅವಳು ಮತ್ತೆ ಬರುವುದಿಲ್ಲ. ಮೊದಲನೆಯದು ಆಲೋಚನೆ, ಎರಡನೆಯದು ಘಟನೆ. ಸಮುದಾಯವನ್ನು ಅರಿತ ಚಿಕಿತ್ಸೆ ಎಂದರೆ ಬಹುಮಟ್ಟಿಗೆ ಈ ಎರಡನ್ನು ಬೇರ್ಪಡಿಸಬಲ್ಲ ವಿವೇಕ. ಅದನ್ನು ಯಾವ ಬಣ್ಣದ ಚಿಕಿತ್ಸಕರೂ ಕಲಿಯಬಹುದು.

ತನ್ನವರೇ ಬೇಕೆನ್ನುವವರಿಗೂ ದಾರಿಗಳು ತೆರೆದಿವೆ. ಮನಶ್ಶಾಸ್ತ್ರಜ್ಞೆ ಜಾಯ್ ಹಾರ್ಡನ್ ಬ್ರಾಡ್‌ಫರ್ಡ್ 2014ರಲ್ಲಿ ಆರಂಭಿಸಿದ ‘ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್’ ಇಂದು ಚಿಕಿತ್ಸಕರನ್ನು ಹುಡುಕಿಕೊಡುವ ದೊಡ್ಡ ಪಟ್ಟಿ. 2018ರಲ್ಲಿ ಹುಟ್ಟಿದ ಲವ್‌ಲ್ಯಾಂಡ್ ಫೌಂಡೇಶನ್ ಕಪ್ಪು ಮಹಿಳೆಯರ ಚಿಕಿತ್ಸೆಯ ಖರ್ಚಿಗೆ ನೆರವಾಗುತ್ತದೆ. ಕಾರ್ನೆಲ್‌ನಲ್ಲಿ ಶುರುವಾಗಿ ಅನೇಕ ಕಡೆ ಹಬ್ಬಿದ ‘ಲೆಟ್ಸ್ ಟಾಕ್’ ಪದ್ಧತಿಯಲ್ಲಿ ಸಮಾಲೋಚಕರೇ ಕೇಂದ್ರದಿಂದ ಹೊರಟು, ವಿದ್ಯಾರ್ಥಿಗಳು ಓಡಾಡುವ ಕಟ್ಟಡಗಳಲ್ಲಿ ಕುಳಿತಿರುತ್ತಾರೆ. ಮುಂಗಡ ಸಮಯ, ಅರ್ಜಿ ಏನೂ ಬೇಕಿಲ್ಲ. ತುರ್ತಿಗೆ 2022ರ ಜುಲೈ 16ರಿಂದ 988 ಎಂಬ ಮೂರಂಕಿಯ ಸಂಖ್ಯೆಯಿದೆ. ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಬಹುಪಾಲು ಕರೆಗಳು ಯಾರನ್ನೂ ಮನೆಗೆ ಕಳಿಸದೆ ಮಾತಿನಲ್ಲಿಯೇ ಮುಗಿಯುತ್ತವೆ.

ಜೊತೆಯಲ್ಲಿರುವವರು

ಕೋಣೆಯ ಗೆಳತಿ, ಪ್ರಯೋಗಾಲಯದ ಜೊತೆಗಾರ, ಪಾಠ ಮಾಡುವ ಸಹಾಯಕ, ಇವರಲ್ಲಿ ಕನ್ನಡದವರೂ ಇರಬಹುದು. ಇವರು ಚಿಕಿತ್ಸಕರಾಗಬೇಕಿಲ್ಲ. “ನೀನು ಗಟ್ಟಿಗಿತ್ತಿ, ನಿನಗೇನು” ಎಂಬ ಮಾತನ್ನು ಬಿಟ್ಟು, “ನಿನ್ನೆ ರಾತ್ರಿ ನಿದ್ದೆ ಬಂತೇ, ಏನಾದರೂ ತಿಂದೆಯಾ, ನಾನು ಜೊತೆಗೆ ಕೂರಲೇ” ಎಂದು ನಿರ್ದಿಷ್ಟವಾಗಿ ಕೇಳಬಹುದು. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೇನೆ ಎಂಬ ಉತ್ತರ ಸಿದ್ಧವಿರುತ್ತದೆ. ನಿದ್ದೆಯ ಬಗ್ಗೆ ಕೇಳಿದರೆ ಸುಳ್ಳು ಹೇಳುವುದು ಕಷ್ಟ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂಬುದು ತಜ್ಞರ ಒಮ್ಮತದ ಅಭಿಪ್ರಾಯ. ಅಧ್ಯಾಪಕರು ತರಗತಿಯಲ್ಲಿ ಇವಳನ್ನು ಇಡೀ ಜನಾಂಗದ ವಕ್ತಾರಳನ್ನಾಗಿ ಮಾಡದಿದ್ದರೆ, ಮತ್ತು ಗಡುವು ಮುಂದೂಡಲು ಕೇಳಿದಾಗ ಬೇರೆಯವರಿಂದ ಕೇಳದ ಪುರಾವೆಯನ್ನು ಇವಳಿಂದಲೂ ಕೇಳದಿದ್ದರೆ ಅದೇ ದೊಡ್ಡ ಉಪಕಾರ.

ನಮ್ಮ ಬೆಂಗಳೂರಿನಲ್ಲಿ

ಕಪ್ಪು ವಿದ್ಯಾರ್ಥಿನಿಯರು ನಮ್ಮ ನಡುವೆಯೂ ಇದ್ದಾರೆ. ತಾಂಜಾನಿಯಾ, ನೈಜೀರಿಯಾ, ಸೂಡಾನ್, ಕಾಂಗೊಗಳಿಂದ ಓದಲು ಬಂದವರು ಬೆಂಗಳೂರಿನ ಹಲವು ಕಾಲೇಜುಗಳಲ್ಲಿದ್ದಾರೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಬಳಿ, ಸೂಡಾನ್ ಮೂಲದ ವ್ಯಕ್ತಿಯೊಬ್ಬನ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಆ ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ, ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ 21 ವರ್ಷದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪೊಂದು ಕಾರಿನಿಂದ ಎಳೆದು ಹೊಡೆಯಿತು, ಬಟ್ಟೆ ಹರಿಯಿತು. ಅಪಘಾತ ಮಾಡಿದ ಕಾರಿನ ಚಾಲಕನ ಬಣ್ಣವೂ ಇವಳ ಬಣ್ಣವೂ ಒಂದೇ ಎಂಬುದಷ್ಟೇ ಕಾರಣ. ಅಲಬಾಮಾದ ಗುಂಪನ್ನು ಓದಿ ಬೇಸರಪಡುವ ನಾವು ಹೆಸರಘಟ್ಟದ ಗುಂಪನ್ನೂ ಮರೆಯುವಂತಿಲ್ಲ. ಯಲ್ಲಾಪುರ, ಹಳಿಯಾಳದ ಕಾಡಂಚಿನಿಂದ ಧಾರವಾಡ, ಕಾರವಾರದ ಹಾಸ್ಟೆಲುಗಳಿಗೆ ಬರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕನ್ನಡದಲ್ಲಿ ಮಾತಾಡುತ್ತಿದ್ದರೂ, ನೀನು ಯಾವ ದೇಶದವಳು ಎಂಬ ಪ್ರಶ್ನೆ ಅವರಿಗೆ ಎದುರಾಗುತ್ತಲೇ ಇರುತ್ತದೆ.

ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ಎಂಬ ಸಂಖ್ಯೆಯಲ್ಲಿ 2022ರ ಅಕ್ಟೋಬರಿನಿಂದ ಹಗಲೂ ರಾತ್ರಿ ಉಚಿತವಾಗಿ ದೊರೆಯುತ್ತದೆ. ಅದರ ಮಾರ್ಗದರ್ಶನ ನಮ್ಮ ನಿಮ್ಹಾನ್ಸ್‌ನದು; ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಮಾತಾಡಬಹುದು. ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಆ ಸಂಖ್ಯೆ ಎರಡೂ ಭಾಷೆಗಳಲ್ಲಿ ಇದೆಯೇ ಎಂದು ವಾರ್ಡನ್ನರು ಇವತ್ತೇ ನೋಡಬಹುದು.